ಹಳೆಯ ಸಂಖ್ಯೆ, ಹೊಸ ವಾರಸುದಾರ: ಗಣಕದೊಳಗೊಂದು ಗೊಂದಲ

ರದ್ದಾದ ಮೊಬೈಲ್ ಸಂಖ್ಯೆ ಬೇರೊಬ್ಬರ ಪಾಲಾದರೆ ಹಳಬರಿಗೆ ಮಾಡಿದ ಕರೆ ಅಪರಿಚಿತರನ್ನು ತಲುಪುತ್ತದೆ. ಗಣಕಯಂತ್ರದಲ್ಲೂ ಹೀಗಾಗುವುದುಂಟು.

ಚಾಲನೆಯಲ್ಲಿರುವ ಪ್ರತಿಯೊಂದು ಪ್ರಕ್ರಿಯೆಗೂ ಕಾರ್ಯಾಚರಣಾ ವ್ಯವಸ್ಥೆ ಒಂದು ಗುರುತಿನ ಸಂಖ್ಯೆ ನೀಡುತ್ತದೆ. ಅದೇ ಪಿಐಡಿ. ಲಿನಕ್ಸ್‌ನಲ್ಲಿ ಮೊದಲ ಪ್ರಕ್ರಿಯೆಯ ಸಂಖ್ಯೆ 1. ಉಳಿದವುಗಳಿಗೆ ಏರಿಕೆಯ ಕ್ರಮದಲ್ಲಿ ಹಂಚಿಕೆಯಾಗುತ್ತದೆ. ಸಾಮಾನ್ಯವಾಗಿ ಇದರ ಮೂಲ ಮಿತಿ 32,768. 64 ಬಿಟ್ ಯಂತ್ರಗಳಲ್ಲಿ ಇದನ್ನು 41,94,304ರವರೆಗೆ ಹೆಚ್ಚಿಸಬಹುದು. ಮಿತಿ ಮುಟ್ಟಿದ ಬಳಿಕ ಎಣಿಕೆ 300ಕ್ಕೆ ಹಿಂದಿರುಗಿ, ತೆರವಾದ ಸಂಖ್ಯೆಗಳು ಮರುಬಳಕೆಯಾಗುತ್ತವೆ.

ಪ್ರಕ್ರಿಯೆ ಮುಗಿದೊಡನೆ ಸಂಖ್ಯೆ ತೆರವಾಗದು. ಅದರ ಅಂತಿಮ ಸ್ಥಿತಿಯನ್ನು ಮಾತೃ ಪ್ರಕ್ರಿಯೆ ವಿಚಾರಿಸಿಕೊಳ್ಳುವವರೆಗೂ ಅದು ‘ಜೋಂಬಿ’ಯಾಗಿ ಪಟ್ಟಿಯಲ್ಲಿ ಉಳಿಯುತ್ತದೆ.

ಅಪಾಯವಿರುವುದು ಆನಂತರ. ಅನೇಕ ಸೇವಾ ತಂತ್ರಾಂಶಗಳು ತಮ್ಮ ಪಿಐಡಿಯನ್ನು ಕಡತವೊಂದರಲ್ಲಿ ಬರೆದಿಡುತ್ತವೆ. ಸೇವೆ ಹಠಾತ್ತನೆ ಸ್ಥಗಿತಗೊಂಡರೂ ಕಡತ ಅಳಿಯದಿರಬಹುದು. ಅಷ್ಟರಲ್ಲಿ ಆ ಸಂಖ್ಯೆ ದತ್ತಸಂಚಯಕ್ಕೆ ದಕ್ಕಿದ್ದು, ಕಡತ ನಂಬಿ ನಿರ್ವಾಹಕರು ‘ಕಿಲ್’ ಆದೇಶ ನೀಡಿದರೆ ನಿರಪರಾಧಿ ದತ್ತಸಂಚಯವೇ ಬಲಿಯಾಗುತ್ತದೆ.

ಇದಕ್ಕೆ ಪರಿಹಾರವಾಗಿ 2019ರಲ್ಲಿ ಲಿನಕ್ಸ್‌ಗೆ ‘ಪಿಐಡಿಎಫ್‌ಡಿ’ ಸೌಲಭ್ಯ ಸೇರಿತು. ಇದು ಸಂಖ್ಯೆಯನ್ನಲ್ಲ, ನಿರ್ದಿಷ್ಟ ಪ್ರಕ್ರಿಯೆಯನ್ನೇ ಹಿಡಿದಿಡುತ್ತದೆ. ಆ ಪ್ರಕ್ರಿಯೆ ಮುಗಿದು ಹೋಗಿದ್ದರೆ ಆದೇಶ ವಿಫಲವಾಗುತ್ತದೆಯೇ ಹೊರತು ಅದೇ ಸಂಖ್ಯೆಯ ಹೊಸಬನಿಗೆ ತಟ್ಟುವುದಿಲ್ಲ.