ಅಜ್ಜನ ಗಡಿಯಾರಕ್ಕೆ ಬೆಲೆ ಕಟ್ಟುವ ಮುನ್ನ

ಮನೆ ಪಾಲಾಗುವಾಗ ಹೊಲ, ಒಡವೆ, ಹಿತ್ತಾಳೆ ಪಾತ್ರೆಗಳ ಲೆಕ್ಕ ಹೇಗೋ ಮುಗಿದುಬಿಡುತ್ತದೆ. ತೊಡಕಾಗುವುದು ಗೋಡೆಯ ಮೇಲಿನ ಹಳೆಯ ಗಡಿಯಾರದ್ದು. ಅದು ನಡೆಯುವುದಿಲ್ಲ, ಬಿಸಾಡಲು ಮನಸ್ಸೂ ಬಾರದು. ಲಕ್ಷ ಬಾಳುತ್ತದೆ ಎಂದು ನೆಂಟರೊಬ್ಬರು ಹೇಳುತ್ತಾರೆ. ಗುಜರಿಯವರು ತೂಕಕ್ಕೆ ಕೇಳುತ್ತಾರೆ. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದನ್ನು ತಿಳಿಯಬೇಕಾದರೆ ಮೊದಲು ಗಡಿಯಾರವನ್ನು ಓದಬೇಕು. ಓದುವ ಮೊದಲೇ ಉಜ್ಜಿ, ಬಳಿದು ಹೊಸದು ಮಾಡಲು ಹೊರಟರೆ ಓದಬೇಕಾದ ಗುರುತುಗಳೇ ಅಳಿಸಿಹೋಗುತ್ತವೆ.

ರೈಲು, ಚಿನ್ನ ಮತ್ತು ಗಂಟೆ

ಕೋಲಾರ ಸೀಮೆಯಲ್ಲಿ ನಿಮಿಷದ ಲೆಕ್ಕಕ್ಕೆ ಬೆಲೆ ಬಂದದ್ದು ರೈಲು ಮತ್ತು ಚಿನ್ನದ ಗಣಿಗಳಿಂದ. 1864ರಲ್ಲಿ ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಾಗ ಮಾಲೂರು ಆ ಹಾದಿಯಲ್ಲಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟ ಮೇಲೆ ಸಾವಿರಾರು ಜನರ ದಿನಚರಿ ಗಣಿಯ ಪಾಳಿಗೆ ಹೊಂದಿಕೊಂಡಿತು. 20ನೇ ಶತಮಾನದ ಎರಡನೇ ದಶಕದಲ್ಲಿ ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರಗಳ ಮೂಲಕ ಸಣ್ಣ ಹಳಿಯ ರೈಲು ಓಡತೊಡಗಿತು. ಮುಳಬಾಗಿಲಿಗೆ ರೈಲು ಬರಲಿಲ್ಲ. ಆದರೆ ಮದರಾಸಿನ ಹೆದ್ದಾರಿ ಅದರ ಬಾಗಿಲಲ್ಲೇ ಇತ್ತು.

ಆಗ ರೈಲುಗಳು ಓಡುತ್ತಿದ್ದುದು ಮದರಾಸು ಸಮಯದ ಪ್ರಕಾರ. 1906ರ ಜನವರಿ 1ರಂದು ಭಾರತೀಯ ಕಾಲಮಾನ ಜಾರಿಗೆ ಬಂದಾಗ ಮದರಾಸು ಸಮಯಕ್ಕೆ ಹೊಂದಿಸಿದ್ದ ಗಡಿಯಾರಗಳನ್ನು ಸುಮಾರು 9 ನಿಮಿಷ ಮುಂದಕ್ಕೆ ತಿರುಗಿಸಬೇಕಾಯಿತು. ಅದಕ್ಕೂ ಹಿಂದಿನ ಗಡಿಯಾರ ಮನೆಯಲ್ಲಿದ್ದರೆ ಅದು ಎರಡು ಕಾಲಮಾನಗಳನ್ನು ಕಂಡಿರುವ ಸಾಧ್ಯತೆಯುಂಟು.

ಗುರುತು ಹಿಡಿಯುವುದು ಹೇಗೆ?

ಮುಖದ ಮೇಲಿನ ಹೆಸರನ್ನು ನೋಡಿ ತೀರ್ಮಾನಕ್ಕೆ ಬರಬಾರದು. ಅದು ಅನೇಕ ವೇಳೆ ತಯಾರಕರದಲ್ಲ, ಮಾರಿದ ಅಂಗಡಿಯದು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ಹೆಸರು ಕಂಡರೆ ಗಡಿಯಾರ ಆ ಮಳಿಗೆಯ ಮೂಲಕ ಬಂದಿದೆ ಎಂದಷ್ಟೇ ಅರ್ಥ. ತಯಾರಕರ ಮುದ್ರೆ ಸಾಮಾನ್ಯವಾಗಿ ಒಳಗಿನ ಯಂತ್ರದ ಹಿತ್ತಾಳೆ ತಗಡಿನ ಮೇಲಿರುತ್ತದೆ. ಎಂಟು ಮೂಲೆಯ ನಕ್ಷತ್ರದಲ್ಲಿ ಜೆ ಅಕ್ಷರವಿದ್ದರೆ ಜರ್ಮನಿಯ ಯುಂಗನ್ಸ್. ಅಡ್ಡಡ್ಡ ಇಟ್ಟ ಎರಡು ಬಾಣಗಳಿದ್ದರೆ 1930ರಲ್ಲಿ ಯುಂಗನ್ಸ್ ಜೊತೆ ವಿಲೀನವಾದ ಹ್ಯಾಂಬರ್ಗ್ ಅಮೆರಿಕನ್ ಕಂಪನಿ. ವೃತ್ತದೊಳಗಿನ ಚೌಕದಲ್ಲಿ ಎ ಅಕ್ಷರವಿದ್ದರೆ ನ್ಯೂಯಾರ್ಕಿನ ಅನ್ಸೋನಿಯಾ. ಜಪಾನಿನ ಸೈಕೋಶಾ ಕಾರ್ಖಾನೆ ಶುರುವಾದದ್ದು 1892ರಲ್ಲಿ.

ದೇಶದ ಹೆಸರೂ ಸುಳಿವು ಕೊಡುತ್ತದೆ. ವಿದೇಶಿ ಸರಕು ಬ್ರಿಟಿಷ್ ಸರಕಿನಂತೆ ತೋರಬಾರದೆಂದು ಬ್ರಿಟನ್ 1887ರಲ್ಲಿ ಕಾನೂನು ತಂದಿತು. ಭಾರತದಲ್ಲಿ 1889ರಲ್ಲಿ ಅಂಥದೇ ಕಾನೂನು ಬಂತು. ಹೀಗಾಗಿ ‘ಮೇಡ್ ಇನ್ ಜರ್ಮನಿ’ ಎಂದಿರುವ ಗಡಿಯಾರ ಬಹುಮಟ್ಟಿಗೆ ಆ ನಂತರದ್ದೇ. ‘ಆಕ್ರಮಿತ ಜಪಾನ್’ ಎಂಬ ಮುದ್ರೆ ಇದ್ದರೆ ಅದರ ಕಾಲ 1945ರಿಂದ 1952ರ ಒಳಗೆ.

ಬಾಗಿಲಿನ ಒಳಬದಿಗೆ ಅಂಟಿಸಿದ ಕಾಗದ, ಯಂತ್ರದ ಮೇಲಿನ ಸಂಖ್ಯೆ, ಹಿಂದಿನ ರಿಪೇರಿಯವರು ತಗಡಿನ ಮೇಲೆ ಗೀಚಿಟ್ಟ ಹೆಸರು, ತಾರೀಖುಗಳೂ ದಾಖಲೆಗಳೇ. ಯಾವುದನ್ನೂ ಒರೆಸದೆ ಮೊದಲು ಫೋಟೊ ತೆಗೆದಿಟ್ಟುಕೊಳ್ಳಬೇಕು.

ಹಳೆಯದೆಲ್ಲ ಬೆಲೆಬಾಳದು

ನಮ್ಮ ಮನೆಗಳಲ್ಲಿ ಸಿಗುವ ಬಹುಪಾಲು ಗೋಡೆ ಗಡಿಯಾರಗಳು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಾದವು. ಆದ್ದರಿಂದ ವಯಸ್ಸೊಂದೇ ಬೆಲೆ ತರುವುದಿಲ್ಲ. ಪೆಟ್ಟಿಗೆ, ಯಂತ್ರ, ಮುಖ, ಮುಳ್ಳು, ಲೋಲಕ ಎಲ್ಲವೂ ಮೂಲದವೇ ಎಂಬುದು ಮುಖ್ಯ. ಎರಡು ಮೂರು ಮುರುಕು ಗಡಿಯಾರಗಳನ್ನು ಕೂಡಿಸಿ ಒಂದು ಮಾಡಿ ಮಾರುವುದುಂಟು. ಪೆಟ್ಟಿಗೆಯ ಹಿಂಬದಿಯಲ್ಲಿ ಉಪಯೋಗವಿಲ್ಲದ ಸ್ಕ್ರೂ ತೂತುಗಳು, ಕೀ ಕೊಡುವ ರಂಧ್ರಕ್ಕೂ ಒಳಗಿನ ಕಡ್ಡಿಗೂ ಹೊಂದದಿರುವುದು, ಹಳೆಯ ಪೆಟ್ಟಿಗೆಯಲ್ಲಿ ಬೆಳ್ಳಗೆ ಹೊಳೆಯುವ ಹೊಸ ಮುಖ, ಇವೆಲ್ಲ ಅನುಮಾನದ ಗುರುತುಗಳು. ಹಳೆಯ ಯಂತ್ರ ಕಿತ್ತು ಬ್ಯಾಟರಿ ಯಂತ್ರ ಕೂರಿಸಿದರೆ ಸಮಯ ಸರಿಯಾಗಿ ತೋರೀತು. ಆದರೆ ಉಳಿಯುವುದು ಬರಿಯ ಮರದ ಪೆಟ್ಟಿಗೆ.

ಗಡಿಯಾರದ ಕಥೆಗೂ ಬೆಲೆಯುಂಟು, ಆದರೆ ಅದಕ್ಕೆ ಆಧಾರ ಬೇಕು. ಗಣಿಯಲ್ಲಿ ದುಡಿದ ಹಿರಿಯರಿಗೆ ಬಂದ ಗಡಿಯಾರ ಎಂದು ಹೇಳಿದರೆ ಸಾಲದು. ರಸೀದಿ, ಪತ್ರ, ಹಳೆಯ ಫೋಟೊ ಜೊತೆಗಿದ್ದರೆ ಮಾತಿಗೆ ತೂಕ. ಗಣಿಗಳನ್ನು 2001ರ ಫೆಬ್ರುವರಿ 28ರಂದು ಮುಚ್ಚಲಾಯಿತು. ಆ ಬದುಕನ್ನು ಕಂಡವರು ಕಡಿಮೆಯಾಗುತ್ತಿರುವಾಗ ಮನೆಯ ಹಿರಿಯರು ಹೇಳಿದ್ದನ್ನು ಬರೆದಿಡುವುದು ಇನ್ನೂ ಅಗತ್ಯ. ಬೆಲೆಯನ್ನು ಕೊಳ್ಳಲು ಬಂದವರಿಂದಲೇ ಕಟ್ಟಿಸದೆ ಇನ್ನಿಬ್ಬರನ್ನು ಕೇಳುವುದು ಒಳ್ಳೆಯದು. 100 ವರ್ಷ ದಾಟಿದ, ಐತಿಹಾಸಿಕ ಮಹತ್ವದ ವಸ್ತುಗಳು 1972ರ ಪುರಾತನ ವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ರಿಪೇರಿ: ಕಡಿಮೆಯೇ ಮೇಲು

ನಿಂತ ಗಡಿಯಾರಕ್ಕೆ ಕೊಬ್ಬರಿ ಎಣ್ಣೆ ಬಿಡುವುದು ಮನೆಗಳ ಹಳೆಯ ರೂಢಿ. ಆ ಎಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ, ಧೂಳು ಸೇರಿ ಅರದಂತೆ ಲೋಹವನ್ನು ತೇಯುತ್ತದೆ. ಚಕ್ರದ ಅಚ್ಚು ಕೂರುವ ತೂತು ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಹಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಯಂತ್ರ ಬಿಚ್ಚಿ, ತೊಳೆದು, ಸವೆದ ತೂತಿಗೆ ಹೊಸ ಬುಷ್ ಹಾಕಿ, ಗಡಿಯಾರದ ಎಣ್ಣೆಯನ್ನು ಹನಿಯಷ್ಟೇ ಬಿಡುವುದು ಸರಿಯಾದ ಕ್ರಮ. ಕೀ ಕೊಟ್ಟ ಸ್ಪ್ರಿಂಗ್ ಸಿಡಿದರೆ ಕೈಗೆ ಗಾಯವಾಗುತ್ತದೆ. ಈ ಕೆಲಸ ಬಲ್ಲವರದು.

ಮನೆಯವರು ಮಾಡಬಹುದಾದದ್ದೂ ಇದೆ. ಗಡಿಯಾರ ಸಾಗಿಸುವಾಗ ಲೋಲಕವನ್ನು ಬಿಚ್ಚಿಡಬೇಕು. ಇಲ್ಲದಿದ್ದರೆ ಅದು ತೂಗುವ ತೆಳ್ಳನೆಯ ಉಕ್ಕಿನ ಪಟ್ಟಿ ಮುರಿಯುತ್ತದೆ. ತೂಗುಹಾಕಿದ ಮೇಲೆ ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮನಾಗಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಕುಂಟುತ್ತಿದ್ದರೆ ಪೆಟ್ಟಿಗೆಯನ್ನು ತುಸು ಓರೆ ಮಾಡಿ ಸರಿಪಡಿಸಬಹುದು. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸದಿರುವುದೇ ಕ್ಷೇಮ. ಉಕ್ಕಿನ ಕಡ್ಡಿಯ ಲೋಲಕ ಬಿಸಿಲಿಗೆ ಹಿಗ್ಗುವುದರಿಂದ ಉಷ್ಣಾಂಶ ಒಂದು ಡಿಗ್ರಿ ಏರಿದರೆ ದಿನಕ್ಕೆ ಸುಮಾರು ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಬೇಸಿಗೆಯಲ್ಲಿ ತುಸು ನಿಧಾನವಾದರೆ ಅದು ಕೆಟ್ಟಿದೆ ಎಂದಲ್ಲ. ಲೋಲಕದ ಕೆಳಗಿನ ತಿರುಪನ್ನು ಮೇಲೇರಿಸಿದರೆ ವೇಗ ಹೆಚ್ಚುತ್ತದೆ, ಇಳಿಸಿದರೆ ತಗ್ಗುತ್ತದೆ.

ಮರದ ಪೆಟ್ಟಿಗೆಗೆ ಗೆದ್ದಲು ಹಿಡಿದಿದ್ದರೆ ಚಿಕಿತ್ಸೆ ಬೇಕೇ ಬೇಕು. ಹಳೆಯ ಅರಗಿನ ಪಾಲಿಶ್ ಕೆರೆದು ವಾರ್ನಿಶ್ ಬಳಿಯುವುದು ಬೇಡ. ಬದಲಾಯಿಸಿದ ಪ್ರತಿ ಭಾಗವನ್ನೂ ರಿಪೇರಿಯವರಿಂದ ವಾಪಸು ಪಡೆದು, ಒಂದು ಚೀಲದಲ್ಲಿ ಹಾಕಿ, ತಾರೀಖು ಬರೆದು ಪೆಟ್ಟಿಗೆಯೊಳಗೇ ಇಡುವುದು ಲೇಸು. ಮುಂದೆ ಅದನ್ನು ಬಿಚ್ಚುವವರಿಗೆ ಯಾವುದು ಹಳೆಯದು, ಯಾವುದು ಹೊಸದು ಎಂಬುದು ಆ ಚೀಲದಿಂದಲೇ ತಿಳಿಯುತ್ತದೆ.