ಮೀನಿನ ಮೈಮೇಲೆ ರವೆ ಚೆಲ್ಲಿದವರಾರು?

ಮಕ್ಕಳೇ, ನಿಮ್ಮ ಶಾಲೆಯ ವಿಜ್ಞಾನ ಮೂಲೆಯಲ್ಲಿ ಗಾಜಿನ ಮೀನುತೊಟ್ಟಿ ಉಂಟಾ? ಇದ್ದರೆ ಇವತ್ತೇ ಅದರ ಎದುರು ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಗಾಜಿಗೆ ತಟ್ಟುವುದು ಬೇಡ. ಮೀನು ತೊಟ್ಟಿಯ ಯಾವ ಭಾಗದಲ್ಲಿದೆ, ಕಿವಿರು ಎಷ್ಟು ಬೇಗ ಬಡಿಯುತ್ತಿದೆ, ಬೆನ್ನಿನ ಈಜುರೆಕ್ಕೆ ಬಿಡಿಸಿಕೊಂಡಿದೆಯೇ ಮುದುಡಿದೆಯೇ ನೋಡಿ. ಹುಷಾರಿಲ್ಲ ಎಂದು ಹೇಳಲು ಮೀನಿಗಿರುವ ಭಾಷೆ ಇಷ್ಟೇ. ಆ ಭಾಷೆ ಗೊತ್ತಿಲ್ಲದೆ ನಮ್ಮ ಶಾಲೆಯಲ್ಲಿ ಮೂರು ಮೀನು ಸತ್ತವು. ತಪ್ಪೇ ಮಾಡದ ಒಬ್ಬಳು ಹುಡುಗಿ ಬೈಗುಳ ತಿಂದಳು.

ಜೂನ್‌ನಲ್ಲಿ ಶಾಲೆ ತೆರೆದ ವಾರವೇ ತೊಟ್ಟಿ ತಂದು ಬಾವಿ ನೀರು ತುಂಬಿಸಿ, ಮರುದಿನವೇ ಆರು ಗೋಲ್ಡ್ ಫಿಶ್ ಬಿಟ್ಟೆವು. ಎಂಟನೇ ದಿನ ಬೆಳಿಗ್ಗೆ ನೋಡಿದರೆ ಆರೂ ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡ್ತಾ ಇವೆ! ಸಂಜೆಯೊಳಗೆ ಎರಡು ಸತ್ತವು. ಆಹಾರ ಹಾಕುವ ಪಾಳಿ ಏಳನೇ ತರಗತಿಯ ಆ ಹುಡುಗಿಯದ್ದು. "ನೀನೇ ಜಾಸ್ತಿ ಹಾಕಿದ್ದು" ಎಂದರು ಎಲ್ಲರೂ. ನಾನೂ ಹಾಗೆಯೇ ಹೇಳಿದೆ. ಅಂಗಡಿಯಿಂದ ನೀಲಿ ಔಷಧಿ ತಂದು ಹಾಕಿದೆ. ಮರುದಿನ ಮೂರನೆಯದೂ ಸತ್ತಿತು.

ಹುಡುಗಿ ಅಳಲಿಲ್ಲ. "ಟೀಚರ್, ರೋಗ ಆದ್ರೆ ಎಲ್ಲ ಮೀನಿಗೂ ಒಂದೇ ದಿನ ಹೇಗೆ ಬರ್ತದೆ?" ಅಂತ ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಮೀನಿನ ಕಾಯಿಲೆ ಗುರುತಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಎಲ್ಲ ಮೀನುಗಳೂ ಒಟ್ಟಿಗೆ ಏದುಸಿರು ಬಿಟ್ಟರೆ ಮೊದಲು ನೀರನ್ನು ಸಂಶಯಿಸಬೇಕು. ಒಂದರಲ್ಲಿ ಶುರುವಾಗಿ ಮತ್ತೊಂದಕ್ಕೆ ಹಬ್ಬಿದರೆ ಆಗ ರೋಗವನ್ನು.

ಮೀನು ಕಿವಿರಿನ ಮೂಲಕ ಅಮೋನಿಯಾವನ್ನು ಹೊರಗೆ ಬಿಡುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಹಳೆಯ ತೊಟ್ಟಿಯ ಕಲ್ಲು, ಸ್ಪಂಜುಗಳ ಮೇಲೆ ವಾಸಿಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು 4ರಿಂದ 6 ವಾರ ಬೇಕು. ನಾವು ಕೊಟ್ಟದ್ದು ಒಂದು ದಿನ! ನಾನು ಹಾಕಿದ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಆಗಷ್ಟೇ ಬೆಳೆಯುತ್ತಿದ್ದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಲ್ಲದು. ಆ ಹುಡುಗಿಯ ಹತ್ತಿರ ತರಗತಿಯ ಎದುರೇ ಕ್ಷಮೆ ಕೇಳಿದೆ.

ಇಲ್ಲಿ ನಿಮ್ಮ ಊರಿನ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಸರಗೋಡಿನ ಮುರಕಲ್ಲಿನ ಬಾವಿಗಳ ನೀರು ಮೆದು, ತುಸು ಆಮ್ಲೀಯ. ಇಂಥ ನೀರಿನಲ್ಲಿ ಅಮೋನಿಯಾದ ವಿಷ ಕಡಿಮೆ, ಆದರೆ ಒಳ್ಳೆಯ ಬ್ಯಾಕ್ಟೀರಿಯಾಗಳು ಬೆಳೆಯುವುದೂ ನಿಧಾನ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅಂಥದ್ದು. ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಸುಮಾರು 10 ಪಟ್ಟು ಹೆಚ್ಚುತ್ತದೆ. ಆ ಕಡೆಯ ಮಕ್ಕಳು ಹೊಸ ತೊಟ್ಟಿಗೆ ಒಂದೆರಡು ಮೀನು ಮಾತ್ರ ಬಿಟ್ಟು ಶುರುಮಾಡುವುದು ಕ್ಷೇಮ.

ಮೀನು ಮೇಲೆ ಬಂದು ಒದ್ದಾಡುವಾಗ ಔಷಧಿ ಹುಡುಕುತ್ತಾ ಓಡಬೇಡಿ. ಮೂರನೇ ಒಂದು ಪಾಲು ನೀರು ತೆಗೆದು ಅಷ್ಟೇ ಬಿಸಿಯಿರುವ ಹೊಸ ನೀರು ಹಾಕಿ, ಗಾಳಿಯ ಪಂಪ್ ಚಾಲೂ ಮಾಡಿ, ಆ ದಿನ ಆಹಾರ ನಿಲ್ಲಿಸಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಬಾಯಗಲದ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟದ್ದೇ ಆಗಬೇಕು. ನಮ್ಮ ಉಳಿದ ಮೂರು ಮೀನು ಬದುಕಿದ್ದು ಹೀಗೆ.

ಇನ್ನು ರವೆಯ ಕತೆ. ಜುಲೈಯ ಜಡಿಮಳೆಗೆ ತೊಟ್ಟಿಯ ನೀರು ತಣ್ಣಗಾಗಿತ್ತು. ಅದೇ ವಾರ ಇನ್ನೆರಡು ಮೀನು ತಂದು ನೇರವಾಗಿ ಒಳಗೆ ಬಿಟ್ಟೆವು. (ಬೇರೆ ಪಾತ್ರೆಯಲ್ಲಿ ಎರಡು ವಾರ ಇಟ್ಟು ನೋಡಬೇಕಿತ್ತು. ಬುದ್ಧಿ ಬರಲು ನಮಗೆ ಎರಡು ಪಾಠ ಬೇಕಾಯಿತು.) ನಾಲ್ಕನೇ ದಿನ ಹೊಸ ಮೀನಿನ ಬಾಲದ ಮೇಲೆ ರವೆಯಂಥ ಬಿಳಿ ಚುಕ್ಕಿಗಳು. ಆ ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು. ಎರಡು ದಿನದಲ್ಲಿ ಹಳೆಯ ಮೀನುಗಳ ಮೇಲೂ ಚುಕ್ಕಿ. ಒಂದರಿಂದ ಮತ್ತೊಂದಕ್ಕೆ ಹಬ್ಬಿತಲ್ಲ, ಈ ಸಲ ರೋಗವೇ.

ಇದು ಬಿಳಿಚುಕ್ಕಿ ರೋಗ. ಕಾರಣ ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿ. ಹೆಸರಿನ ಅರ್ಥ 'ಬಹಳ ಮಕ್ಕಳ ಮೀನುಹೇನು'. ಹೇನಲ್ಲ, ಆದರೆ ಬಹಳ ಮಕ್ಕಳು ಎಂಬುದು ನಿಜ. ಮೀನಿನ ಚರ್ಮದ ಅಡಿಯಲ್ಲಿ ಕೂತು ತಿಂದು ದಪ್ಪಗಾಗುವುದು ಇದರ ಮೊದಲ ಹಂತ, ನಮಗೆ ಕಾಣುವ ಚುಕ್ಕಿ ಅದೇ. ಆಮೇಲೆ ಅದು ಕಳಚಿ ತಳಕ್ಕೆ ಬಿದ್ದು, ಸುತ್ತ ಕೋಶ ಕಟ್ಟಿಕೊಂಡು, ಒಂದು ನೂರಾರಾಗಿ ಒಡೆಯುತ್ತದೆ. ಈ ಮರಿಗಳು ಈಜುತ್ತಾ ಮೀನು ಹುಡುಕುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ.

ಔಷಧಿಯಾಗಲಿ ಉಪ್ಪಾಗಲಿ ಮುಟ್ಟುವುದು ಈ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿದ್ದದ್ದಕ್ಕೂ ಕೋಶದೊಳಗಿದ್ದದ್ದಕ್ಕೂ ಏನೂ ಆಗುವುದಿಲ್ಲ. ಚುಕ್ಕಿ ಮಾಯವಾದ ದಿನ "ಗುಣ ಆಯ್ತು" ಅಂತ ನಿಲ್ಲಿಸಿದವರ ತೊಟ್ಟಿಗೆ ರೋಗ ವಾರದೊಳಗೆ ತಿರುಗಿ ಬರುವುದು ಅದಕ್ಕೇ. ತಳದಲ್ಲಿ ಮರಿಗಳು ತಯಾರಾಗುತ್ತಿರುತ್ತವೆ.

ನಾವು ಮಾಡಿದ್ದು ಕಲ್ಲುಪ್ಪಿನ ಚಿಕಿತ್ಸೆ. ಲೆಕ್ಕ ನೀವೂ ಮಾಡಿ ನೋಡಿ: ತೊಟ್ಟಿಯ ಉದ್ದ 60 ಸೆಂ.ಮೀ., ಅಗಲ 30, ನೀರಿನ ಎತ್ತರ 25. ಗುಣಿಸಿ 1000ದಿಂದ ಭಾಗಿಸಿದರೆ 45 ಲೀಟರ್. ಕಲ್ಲುಗಳ ಜಾಗ ಕಳೆದು 40 ಅಂತ ಇಟ್ಟುಕೊಂಡೆವು. ಲೀಟರಿಗೆ 2 ಗ್ರಾಂನಂತೆ 80 ಗ್ರಾಂ. ಅದನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಸಲವಾಗಿ ಹಾಕಿದೆವು. ದಿನವೂ ಪೈಪಿನಿಂದ ತಳದ ಕಸ ಎಳೆದೆವು, ಕೋಶಗಳಿರುವುದು ಅಲ್ಲೇ ತಾನೇ? ತೆಗೆದ ನೀರಿನ ಪಾಲಿಗೆ ಮಾತ್ರ ಮತ್ತೆ ಉಪ್ಪು. ಆವಿಯಾಗಿ ಇಳಿದ ನೀರಿಗೆ ಉಪ್ಪು ಸೇರಿಸಬಾರದು, ಯಾಕೆಂದು ನೀವೇ ಯೋಚಿಸಿ. ಕೊನೆಯ ಚುಕ್ಕಿ ಹೋದ ಮೇಲೂ ಒಂದು ವಾರ ಮುಂದುವರಿಸಿದೆವು. ಐದೂ ಉಳಿದವು. ಗಿಡಗಳು ಮಾತ್ರ ಬಾಡಿದವು. ಉಪ್ಪು ಅವಕ್ಕೆ ಆಗುವುದಿಲ್ಲ, ಹುರುಪೆಯಿಲ್ಲದ ಮೀನುಗಳಿಗೂ ಕಷ್ಟ.

ಅಂಗಡಿಯಲ್ಲಿ ಸಿಗುವ ಹಸಿರು ಔಷಧಿ ಮ್ಯಾಲಕೈಟ್ ಗ್ರೀನ್ ಬಿಳಿಚುಕ್ಕಿಗೆ ಕೆಲಸ ಮಾಡುತ್ತದೆ. ಆದರೆ ಅದು ವಿಷ, ತಿನ್ನುವ ಮೀನಿಗೆ ಬಳಸುವಂತಿಲ್ಲ. ಮಕ್ಕಳು ಮುಟ್ಟಲೇಬೇಡಿ. ರೋಗ ಯಾವುದೆಂದು ತಿಳಿಯದೆ ಆಂಟಿಬಯೋಟಿಕ್ ಮಾತ್ರೆ ಪುಡಿಮಾಡಿ ಹಾಕುವವರೂ ಇದ್ದಾರೆ. ಬಿಳಿಚುಕ್ಕಿ ಬ್ಯಾಕ್ಟೀರಿಯಾದ ರೋಗವೇ ಅಲ್ಲ.

ಬಿಳಿಯದ್ದೆಲ್ಲ ಬಿಳಿಚುಕ್ಕಿಯೂ ಅಲ್ಲ. ಹತ್ತಿಯಂತೆ ನೂಲು ನೂಲಾಗಿದ್ದರೆ ಗಾಯದ ಮೇಲೆ ಬೆಳೆದ ಬೂಷ್ಟು ಇರಬಹುದು. ರೆಕ್ಕೆಯ ಅಂಚು ಹರಿದು ಸವೆಯುತ್ತಿದ್ದರೆ ಹೆಚ್ಚಾಗಿ ಕೊಳಕು ನೀರು ಮತ್ತು ಬ್ಯಾಕ್ಟೀರಿಯಾ. ಹೊಟ್ಟೆ ಉಬ್ಬಿ ಹುರುಪೆಗಳು ಹಲಸಿನ ಮುಳ್ಳಿನಂತೆ ಎದ್ದರೆ ಒಳಗಿನ ಅಂಗಗಳೇ ಸೋತಿವೆ, ಅಂಥದ್ದು ಉಳಿಯುವುದು ಅಪರೂಪ. ಮತ್ತೆ ಗೋಲ್ಡ್ ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಚುಕ್ಕಿ ಕಂಡು, ಮೀನು ಗಮ್ಮತ್ತಿನಲ್ಲಿ ಓಡಾಡುತ್ತಿದ್ದರೆ? ಅದು ರೋಗವಲ್ಲ. ಮರಿ ಮಾಡುವ ಕಾಲದ ಗಂಡು ಮೀನು. ಪಾಪ, ಅದಕ್ಕೆ ಉಪ್ಪು ಹಾಕಬೇಡಿ.

ಒಂದು ಮಾತು ಬಾಕಿ ಉಂಟು. ಕಾಯಿಲೆಯ ಮೀನನ್ನು "ಪಾಪ, ಬದುಕಲಿ" ಅಂತ ತೋಡಿಗೆ ಬಿಡಬೇಡಿ. ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ ಕೆಂಪು-ಕಪ್ಪು ಪಟ್ಟೆಯ ಡೆನಿಸನ್ ಬಾರ್ಬ್ ಎಂಬ ಮೀನಿದೆ. ಪಶ್ಚಿಮಘಟ್ಟದ ಹೊಳೆಗಳಲ್ಲಷ್ಟೇ ಸಹಜವಾಗಿ ಸಿಗುವ, ಅಳಿವಿನ ಭಯದಲ್ಲಿರುವ ಮೀನು. ನಮ್ಮ ತೊಟ್ಟಿಯ ರೋಗ ಅಂಥದ್ದಕ್ಕೆ ತಗಲಿದರೆ ಹೊಳೆಗೆ ಯಾರು ಉಪ್ಪು ಹಾಕುವುದು? ಸತ್ತ ಮೀನನ್ನು ಹೂತುಬಿಡಿ. ತೊಟ್ಟಿಯಿಂದ ತೆಗೆದ ನೀರನ್ನು ತೆಂಗಿನ ಬುಡಕ್ಕೆ ಹೊಯ್ಯಿರಿ. ಅಷ್ಟು ಉಪ್ಪು ತೆಂಗಿಗೆ ಲೆಕ್ಕಕ್ಕಿಲ್ಲ, ನೈಟ್ರೇಟ್ ಅದಕ್ಕೆ ಗೊಬ್ಬರವೇ.