ಆವಿಲಾದ ಗೋಡೆ: ಹಗಲು ಮೇಲೇರಿ, ಇರುಳು ಹೊಳೆ ದಾಟಿ

ಸ್ಪೇನಿನ ಆವಿಲಾಕ್ಕೆ ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಒಂದೂವರೆ–ಎರಡು ತಾಸು. ಹೆಚ್ಚಿನ ಪ್ರವಾಸಿಗರು ಬೆಳಗ್ಗೆ ಬಂದು ಸಂಜೆಗೆ ಹಿಂತಿರುಗುತ್ತಾರೆ. ಅವರು ನೋಡುವುದು ಅರ್ಧ ಆವಿಲಾವನ್ನು ಮಾತ್ರ ಎಂದೇ ನಾನು ನಂಬಿದ್ದೇನೆ.

ಹಗಲು ಊರನ್ನು ಸುತ್ತಿದ ಕೋಟೆಗೋಡೆಯ ಮೇಲೆ ನಡೆಯಬೇಕು. ಟಿಕೆಟ್ ಕೊಂಡರೆ ಸಾಕು, ತೆನೆಗಳ ನಡುವೆ ಬಹುದೂರ ಹೋಗಬಹುದು. ಸುತ್ತಳತೆ ಸುಮಾರು 2.5 ಕಿ.ಮೀ., ಬಾಗಿಲು 9, ದುಂಡು ಬುರುಜುಗಳು 80ಕ್ಕೂ ಹೆಚ್ಚು. ಗೋಡೆ ಎದ್ದ ಕಥೆ ಹೀಗೆ: 1085ರಲ್ಲಿ ಟೊಲೆಡೊ ನಗರ ಕ್ರೈಸ್ತ ದೊರೆ ಆರನೇ ಅಲ್ಫಾನ್ಸೋನ ವಶವಾಯಿತು. ಆ ಬಳಿಕ ಅವನ ಅಳಿಯ ಬರ್ಗಂಡಿಯ ರೇಮಂಡ್ ಈ ಗಡಿಸೀಮೆಯಲ್ಲಿ ಜನರನ್ನು ನೆಲೆಗೊಳಿಸಿ ಕೋಟೆಯ ಕೆಲಸ ಹಿಡಿಸಿದ. ಕಟ್ಟುವ ಕೆಲಸ 12ನೇ ಶತಮಾನದಲ್ಲೂ ನಡೆಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪೂರ್ವದ ಮಗ್ಗುಲು. ಅಲ್ಲಿ ನೆಲ ಸಮತಟ್ಟು, ಶತ್ರು ನೇರ ನುಗ್ಗಿ ಬರಬಹುದಾದ ದಿಕ್ಕು. ಹಾಗಾಗಿ ಅಲ್ಲೇ ಗೋಡೆ ಬಲು ಗಟ್ಟಿ. ಕತೀಡ್ರಲ್ಲಿನ ಹಿಂಭಾಗ ಗೋಡೆಯಿಂದ ಹೊರಕ್ಕೆ ಉಬ್ಬಿ, ತಾನೇ ಒಂದು ಬುರುಜಾಗಿದೆ. ಪ್ರಾರ್ಥನೆಯ ಜಾಗಕ್ಕೆ ತೆನೆಗಳ ಕಾವಲು! ಹತ್ತಿರ ಹೋಗಿ ಕಲ್ಲುಗಳನ್ನು ನೋಡಿ: ಹಳೆಯ ರೋಮನ್ ಸ್ಮಶಾನದ ಕಲ್ಲುಗಳನ್ನೂ ಕಿತ್ತು ತಂದು ಜೋಡಿಸಿದ್ದಾರೆ. ಸತ್ತವರಿಗಾಗಿ ಕಡೆದ ಕಲ್ಲು ಬದುಕಿದ್ದವರನ್ನು ಕಾಯಲು ನಿಂತಿತು. ಕೈಯಿಟ್ಟು ಮುಟ್ಟಿದಾಗ ನನಗೆ ಮಾತೇ ಹೊರಡಲಿಲ್ಲ.

ಮಧ್ಯಾಹ್ನ ಊರೊಳಗಿನ ಮೆರ್ಕಾದೊ ಚಿಕೊ ಚೌಕದಲ್ಲಿ ಕುಳಿತು ಯೆಮಾ ತಿನ್ನಬಹುದು. ಮೊಟ್ಟೆಯ ಹಳದಿ, ಸಕ್ಕರೆ ಸೇರಿಸಿ ಮಾಡುವ ಪುಟ್ಟ ಉಂಡೆ. ಅದಕ್ಕೆ ಇದೇ ಊರಿನ ಸಂತ ತೆರೇಸಾಳ ಹೆಸರು. 1515ರಲ್ಲಿ ಹುಟ್ಟಿದ ಆಕೆ ಬಹುಕಾಲ ಬಾಳಿದ ಎನ್‌ಕರ್ನಾಸಿಯೋನ್ ಮಠವೂ 1562ರಲ್ಲಿ ತಾನೇ ಸ್ಥಾಪಿಸಿದ ಸಾನ್ ಹೋಸೆ ಮಠವೂ ಕೋಟೆಯ ಹೊರಗೇ ಇವೆ. ಗೋಡೆಯೊಳಗಷ್ಟೇ ಅಲೆದರೆ ತೆರೇಸಾ ಪೂರ್ತಿಯಾಗಿ ಸಿಗುವುದಿಲ್ಲ.

ಕತ್ತಲಾದ ಮೇಲೆ ಪಶ್ಚಿಮಕ್ಕೆ ಇಳಿದು, ಅದಾಹಾ ಹೊಳೆಯ ಸೇತುವೆ ದಾಟಿ ಕ್ವಾತ್ರೊ ಪೋಸ್ತೆಸ್ ದಿಬ್ಬ ಹತ್ತಬೇಕು. ನಾಲ್ಕು ಕಂಬಗಳ ನಡುವೆ ಒಂದು ಶಿಲುಬೆ. ಹುತಾತ್ಮರಾಗುವ ಹಂಬಲದಿಂದ ಮನೆ ಬಿಟ್ಟು ಹೊರಟ ಪುಟ್ಟ ತೆರೇಸಾಳನ್ನೂ ಅವಳ ಅಣ್ಣನನ್ನೂ ಚಿಕ್ಕಪ್ಪ ಇಲ್ಲೇ ಹಿಡಿದು ಮನೆಗೆ ಕರೆತಂದ ಎಂದು ಊರವರು ಹೇಳುತ್ತಾರೆ. ಹಗಲಲ್ಲಿ ಮನೆ, ವಾಹನಗಳ ನಡುವೆ ಚೂರುಚೂರಾಗಿ ಕಂಡ ಗೋಡೆ ದೀಪ ಹತ್ತಿದಾಗ ಇಡಿಯಾಗಿ ಕಾಣುತ್ತದೆ. ಬುರುಜಿನ ಹಿಂದೆ ಬುರುಜು, ಇಳಿಜಾರಿನ ಜೊತೆಗೇ ಬಾಗುತ್ತ ಹೊಳೆಯವರೆಗೆ ಬಂದಿವೆ. ನೆಲವನ್ನು ಓದಿಕೊಂಡು ಕಟ್ಟಿದವರ ಜಾಣ್ಮೆ ನನಗೆ ಅರ್ಥವಾದದ್ದು ಆ ದಿಬ್ಬದ ಮೇಲೆ.

ಹೋಗುವವರು ದಯವಿಟ್ಟು ಒಂದು ರಾತ್ರಿ ಅಲ್ಲೇ ಉಳಿಯಿರಿ. ಜೂನ್‌ನಲ್ಲಿ ಹೊತ್ತು ಮುಳುಗುವುದೇ ಒಂಬತ್ತೂವರೆಯ ಮೇಲೆ. ಊರು 1,100 ಮೀಟರಿಗೂ ಎತ್ತರದಲ್ಲಿದೆ. ಬೇಸಿಗೆಯಾದರೂ ಸ್ವೆಟರ್ ಒಯ್ಯಿರಿ.